ಒಂದೇ ದಿನದಲ್ಲಿ ಪಶುಪತಿ, ಬೌದ್ಧನಾಥ, ಸ್ವಯಂಭು ನೋಡುವುದು ಹೇಗೆ?

ಕಠ್ಮಂಡುವಿಗೆ ಹೋಗುವ ನಮ್ಮವರಲ್ಲಿ ಬಹಳ ಮಂದಿ ಪಶುಪತಿನಾಥನ ದರ್ಶನ ಮುಗಿಸಿ ನೇರ ಮುಕ್ತಿನಾಥದ ದಾರಿ ಹಿಡಿಯುತ್ತಾರೆ. ಬೌದ್ಧನಾಥ, ಸ್ವಯಂಭು ಎಂಬ ಎರಡು ಬೌದ್ಧ ಸ್ತೂಪಗಳಿಗೆ ಉಳಿಯುವುದು ಫೋಟೊ ತೆಗೆಯುವಷ್ಟು ಹೊತ್ತು ಮಾತ್ರ. ನನಗೆ ಇದು ಬೇಸರದ ವಿಷಯ. ಈ ಕಣಿವೆಯ ಎಷ್ಟೋ ಮನೆಗಳಲ್ಲಿ ಶಿವನಿಗೂ ಬುದ್ಧನಿಗೂ ಒಟ್ಟಿಗೇ ಕೈಮುಗಿಯುತ್ತಾರೆ. ಅದನ್ನು ನೋಡಬೇಕಾದರೆ ಒಂದು ಪೂರ್ತಿ ದಿನ ಬೇಕು, ಜೊತೆಗೊಬ್ಬ ಒಳ್ಳೆಯ ಗೈಡ್ ಬೇಕು.

ಮೊದಲು ತಯಾರಿ

ಭಾರತೀಯರಿಗೆ ವೀಸಾ ಬೇಡ. ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇಟ್ಟುಕೊಳ್ಳಿ, 15ರಿಂದ 65 ವರ್ಷದವರಿಗೆ ಆಧಾರ್ ನಡೆಯುವುದಿಲ್ಲ. ಇಳಿದ ಕೂಡಲೇ ಗಡಿಯಾರವನ್ನು 15 ನಿಮಿಷ ಮುಂದಕ್ಕಿಡಿ. ನಮ್ಮ 100 ರೂಪಾಯಿಗೆ ಅಲ್ಲಿನ 160 ರೂಪಾಯಿ. ಶನಿವಾರ ಅಲ್ಲಿ ವಾರದ ರಜೆ, ದೇವಸ್ಥಾನದಲ್ಲಿ ವಿಪರೀತ ಜನ. ಸೋಮವಾರವೂ ಅಷ್ಟೇ ಜನ. ಬೇರೆ ದಿನ ಆರಿಸಿಕೊಳ್ಳಿ.

ಪರವಾನಗಿ ಇರುವ ಗೈಡನ್ನೇ ಗೊತ್ತು ಮಾಡಿ, ಕಾರ್ಡ್ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಹಿಂದಿ ಬರುವವರು ಸುಲಭವಾಗಿ ಸಿಗುತ್ತಾರೆ. ದಿನದ ಸಂಬಳ ಎಷ್ಟು, ಟ್ಯಾಕ್ಸಿ ಮತ್ತು ಟಿಕೆಟ್ ದುಡ್ಡು ಅದರಲ್ಲೇ ಸೇರಿದೆಯಾ ಎಂದು ಹಿಂದಿನ ದಿನವೇ ಮಾತಾಡಿಕೊಳ್ಳಿ. ಇನ್ನೊಂದು ಮಾತನ್ನೂ ಆಗಲೇ ಹೇಳಿಬಿಡಿ: "ಥಂಕಾ (ಬಟ್ಟೆಯ ಮೇಲಿನ ಬೌದ್ಧ ಚಿತ್ರ) ಅಂಗಡಿ, ರುದ್ರಾಕ್ಷಿ ಅಂಗಡಿ ಬೇಡ." ಇಲ್ಲದಿದ್ದರೆ ಅರ್ಧ ದಿನ ಅಲ್ಲೇ ಹೋಗುತ್ತದೆ.

ಬೆಳಿಗ್ಗೆ ಪಶುಪತಿ

ಆರು ಗಂಟೆಯ ಹೊತ್ತಿಗೆ ದೇವಸ್ಥಾನದಲ್ಲಿರಿ. ಬೆಲ್ಟ್, ಪರ್ಸ್ ಸೇರಿ ಚರ್ಮದ ಯಾವ ವಸ್ತುವೂ ಒಳಗೆ ಬೇಡ. ಫೋಟೊ ಕೂಡ ತೆಗೆಯುವಂತಿಲ್ಲ. ಪಶ್ಚಿಮದ ಬಾಗಿಲು ದಾಟಿದರೆ ಮೊದಲು ಕಾಣುವುದು ಚಿನ್ನದ ಬಣ್ಣದ ಭಾರೀ ನಂದಿಯ ಹಿಂಭಾಗ. ಅದರಾಚೆ ಎರಡು ಹಂತದ ಚಾವಣಿಯ ಗುಡಿ, ನಾಲ್ಕು ದಿಕ್ಕಿಗೂ ಬೆಳ್ಳಿ ಹೊದಿಸಿದ ಬಾಗಿಲು.

ಒಂದು ಬಾಗಿಲಲ್ಲಿ ಕೈಮುಗಿದು ಹೊರಟುಬಿಡಬೇಡಿ. ಲಿಂಗಕ್ಕೆ ದಿಕ್ಕಿಗೊಂದರಂತೆ ಮುಖವಿದೆ: ಪಶ್ಚಿಮಕ್ಕೆ ಸದ್ಯೋಜಾತ, ಉತ್ತರಕ್ಕೆ ವಾಮದೇವ, ಪೂರ್ವಕ್ಕೆ ತತ್ಪುರುಷ, ದಕ್ಷಿಣಕ್ಕೆ ಅಘೋರ. ಮೇಲ್ಭಾಗವೇ ಈಶಾನ. ನಾಲ್ಕೂ ಬಾಗಿಲಿಗೆ ಹೋಗಿ ನೋಡಿದರೇ ದರ್ಶನ ಪೂರ್ತಿ. ಲಿಂಗವನ್ನು ಮುಟ್ಟಿ ಪೂಜಿಸುವ ಹಕ್ಕಿರುವುದು ಭಟ್ಟರಿಗೆ ಮಾತ್ರ. ದಕ್ಷಿಣ ಭಾರತದಿಂದ ಬಂದವರೇ ಈ ಭಟ್ಟರಾಗುವುದು ಹಳೆಯ ಪದ್ಧತಿ, ಅವರಲ್ಲಿ ಕರ್ನಾಟಕದವರಿದ್ದಾರೆ. ಜನ ಕಡಿಮೆ ಇದ್ದರೆ ಕನ್ನಡದಲ್ಲೇ ಒಂದು ನಮಸ್ಕಾರ ಹೇಳಿ ನೋಡಿ!

ಆಮೇಲೆ ಬಾಗ್ಮತಿ ನದಿ ದಾಟಿ ಆಚೆ ದಡಕ್ಕೆ ಬನ್ನಿ. ಎದುರಿನ ಘಾಟ್‌ಗಳಲ್ಲಿ ಶವಸಂಸ್ಕಾರ ನಡೆಯುತ್ತಿರುತ್ತದೆ. ದಯವಿಟ್ಟು ಅತ್ತ ಕ್ಯಾಮೆರಾ ತಿರುಗಿಸಬೇಡಿ, ಅವರು ಮನೆಯವರನ್ನು ಕಳೆದುಕೊಂಡು ಬಂದವರು. ಅಲ್ಲಿಂದ ಮೆಟ್ಟಿಲು ಹತ್ತಿ, ಮೃಗಸ್ಥಲಿಯ ಕಾಡು ದಾಟಿ ಇಳಿದರೆ ಶಕ್ತಿಪೀಠವಾದ ಗುಹ್ಯೇಶ್ವರಿ. ಟ್ಯಾಕ್ಸಿ ಸುತ್ತುದಾರಿಯಲ್ಲಿ ಹೋಗುತ್ತದೆ, ಈ ಕಾಲುದಾರಿಯೇ ಚೆಂದ.

ಮಧ್ಯಾಹ್ನ ಬೌದ್ಧನಾಥ

ಗುಹ್ಯೇಶ್ವರಿಯಿಂದ ಬೌದ್ಧನಾಥಕ್ಕೆ ನಡೆದೇ ಹೋಗಬಹುದು. ಭಾರತವೂ ಸೇರಿದ ಸಾರ್ಕ್ ದೇಶದವರಿಗೆ ಟಿಕೆಟ್ ದರ ಕಡಿಮೆ, ಗುರುತಿನ ಚೀಟಿ ತೋರಿಸಿ. ಸ್ತೂಪದ ಎತ್ತರ ಸುಮಾರು 36 ಮೀಟರ್. 2015ರ ಏಪ್ರಿಲ್ ಭೂಕಂಪದಲ್ಲಿ ತುದಿ ಜಖಂಗೊಂಡಿತ್ತು. ದುರಸ್ತಿಯಾಗಿ 2016ರ ನವೆಂಬರ್‌ನಲ್ಲಿ ಮತ್ತೆ ತೆರೆಯಿತು.

ಪ್ರದಕ್ಷಿಣೆ ನಮ್ಮ ಹಾಗೆಯೇ, ಸ್ತೂಪ ಸದಾ ಬಲಗಡೆಗಿರಬೇಕು. ಪ್ರಾರ್ಥನಾ ಚಕ್ರಗಳನ್ನು ಬಲಗೈಯಲ್ಲಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಿ. ಒಂದು ಸುತ್ತು ಆದಮೇಲೆ ನಿಂತು ಬಿಳಿ ಗುಮ್ಮಟವನ್ನು ಗಮನಿಸಿ. ಅದರ ಮೇಲೆ ಕಮಾನಿನಂತೆ ಹಳದಿ ಪಟ್ಟೆಗಳು ಕಾಣುತ್ತವೆ. ಸುಣ್ಣ ಬಳಿದ ಮೇಲೆ ಕೇಸರಿ ಬಣ್ಣದ ನೀರನ್ನು ಬೀಸಿ ಎರಚಿ ಮೂಡಿಸುವ ಕಮಲದ ದಳಗಳವು. ಎಷ್ಟೋ ಜನ ಅದನ್ನು ಕೊಳೆಯ ಕಲೆ ಅಂದುಕೊಂಡು ಹೋಗಿಬಿಡುತ್ತಾರೆ. ಊಟಕ್ಕೆ ಸುತ್ತಲಿನ ಮಹಡಿ ಹೋಟೆಲುಗಳಿವೆ. ಸಸ್ಯಾಹಾರಿಗಳು ತುಕ್ಪಾ (ಟಿಬೆಟನ್ ನೂಡಲ್ಸ್ ಸೂಪ್) ಹೇಳುವಾಗ ಸಾರು ಮಾಂಸದ್ದಲ್ಲ ತಾನೇ ಎಂದು ಗೈಡ್ ಕೈಲಿ ಕೇಳಿಸಿ.

ಸಂಜೆ ಸ್ವಯಂಭು

ಮೂರರ ಸುಮಾರಿಗೆ ಟ್ಯಾಕ್ಸಿ ಹಿಡಿದು ಊರಿನ ಪಶ್ಚಿಮಕ್ಕೆ ಹೊರಡಿ. ಪೂರ್ವದ ಕಡೆಯಿಂದ 365 ಕಡಿದಾದ ಮೆಟ್ಟಿಲು. ಮಂಡಿ ನೋವಿರುವವರಿಗೆ ಬೆಟ್ಟದ ಇನ್ನೊಂದು ಬದಿಯಲ್ಲಿ ವಾಹನ ಮೇಲಿನವರೆಗೂ ಹೋಗುತ್ತದೆ. ಕೋತಿಗಳ ಕಾಟ ಜಾಸ್ತಿ, ತಿಂಡಿಯ ಕವರ್ ಕೈಯಲ್ಲಿ ಬೇಡ.

ಕಣಿವೆಯೆಲ್ಲ ಹಿಂದೆ ಸರೋವರವಾಗಿತ್ತು, ಬೋಧಿಸತ್ವ ಮಂಜುಶ್ರೀ ಕತ್ತಿಯಿಂದ ಚೋಭಾರ್‌ನ ಬೆಟ್ಟ ಸೀಳಿ ನೀರು ಹರಿಸಿದ ಎನ್ನುವುದು ಇಲ್ಲಿನ ಕಥೆ. ಇಲ್ಲಿ ಸರೋವರವಿತ್ತು ಎಂದು ಭೂವಿಜ್ಞಾನಿಗಳೂ ಹೇಳುತ್ತಾರೆ. ಬಾಗ್ಮತಿ ಇಂದಿಗೂ ಚೋಭಾರ್ ಕಮರಿಯ ಮೂಲಕವೇ ಹೊರಗೆ ಹರಿಯುತ್ತದೆ.

ಸ್ತೂಪದ ಪಕ್ಕದ ಪುಟ್ಟ ಹಾರತಿ ಗುಡಿಯನ್ನು ಮಾತ್ರ ಬಿಡಬೇಡಿ. ಬೇರೆಯವರ ಮಕ್ಕಳನ್ನು ತಿನ್ನುತ್ತಿದ್ದ ಯಕ್ಷಿಯ ಕೂಸನ್ನೇ ಬುದ್ಧ ಬಚ್ಚಿಟ್ಟನಂತೆ. ಆ ಸಂಕಟ ಉಂಡ ಮೇಲೆ ಅವಳು ಮಕ್ಕಳನ್ನು ಕಾಯುವ ತಾಯಾದಳು. ಸಿಡುಬಿನ ಕಾಲದಿಂದಲೂ ಜನ ಮಕ್ಕಳನ್ನು ಇಲ್ಲಿಗೆ ಕರೆತರುತ್ತಾರೆ. ಪೂಜಾರಿಗಳು ಬೌದ್ಧರು, ಹಣ್ಣು ಹೂವು ಹಿಡಿದು ಬರುವವರಲ್ಲಿ ಹಿಂದೂಗಳೂ ಇರುತ್ತಾರೆ. ಯಾರು ಯಾವ ಧರ್ಮದವರು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಇದೇ ದಿನ ಚಾಂಗು ನಾರಾಯಣವನ್ನೂ ತುರುಕಬೇಡಿ. ರಾಜ ಮಾನದೇವನ ಕ್ರಿ.ಶ. 464ರ ಶಾಸನವಿರುವ ಆ ಗುಡಿಗೆ ಭಕ್ತಪುರದ ಜೊತೆ ಇನ್ನೊಂದು ದಿನ ಇಟ್ಟುಕೊಳ್ಳಿ.