ಥರ್ಮಾಕೋಲ್ ವಿಮಾನಕ್ಕೆ ಕಾಗದದ ಅಂಗಿ

ಪುಣೆಯ ನಮ್ಮ ಸೊಸೈಟಿಯಲ್ಲಿ ಧಾರವಾಡದ ಕಡೆಯ ನಾಲ್ಕೈದು ಮನೆಗಳಿವೆ. ಕಳೆದ ಬೇಸಿಗೆ ರಜೆಯಲ್ಲಿ ಆ ಮನೆಗಳ ಮಕ್ಕಳು ಸೇರಿ ಒಂದು ಮೀಟರ್ ರೆಕ್ಕೆಯ ರಿಮೋಟ್ ವಿಮಾನ ಕಟ್ಟಿದರು. ಬಣ್ಣದ ಕೆಲಸ ನನಗೆ ಬಂತು. ಮನೆಯಲ್ಲಿದ್ದ ಸ್ಪ್ರೇ ಪೇಂಟ್ ಹೊಡೆದೆ. ಚುರುಚುರು ಎಂದು ಸಣ್ಣ ಸದ್ದು; ನೋಡನೋಡುತ್ತಲೇ ಸೂಜಿಮೊನೆಯಷ್ಟು ಕುಳಿಗಳೆದ್ದು, ಒಂದಕ್ಕೊಂದು ಕೂಡಿ ಗುಂಡಿಗಳಾದವು. “ಕಾಕಾ, ರೆಕ್ಕಿ ಕರಗ್ಲಿಕತ್ತದ ನೋಡ್ರಿ!” ಎಂದು ಎದುರುಮನೆಯ ಹುಡುಗಿ ಕೂಗಿದಳು. ಮಕ್ಕಳ ಹದಿನೈದು ದಿನದ ದುಡಿಮೆ ನನ್ನ ಕೈಯಲ್ಲಿ ಹಾಳಾಯಿತು. ಬೇರೆ ಯಾರ ಮನೆಯಲ್ಲೂ ಹಾಗಾಗಬಾರದು.

ಥರ್ಮಾಕೋಲ್ ಎಂದರೆ ಉಬ್ಬಿಸಿದ ಪಾಲಿಸ್ಟೈರೀನ್. ಥಿನ್ನರ್, ಪೆಟ್ರೋಲ್, ಅಸಿಟೋನ್ ಅದನ್ನು ಕರಗಿಸುತ್ತವೆ. ಆದ್ದರಿಂದ ಆಯಿಲ್ ಪೇಂಟ್, ಮಾಮೂಲಿ ಸ್ಪ್ರೇ ಡಬ್ಬಿ, ಚಪ್ಪಲಿಗೆ ಹಚ್ಚುವ ಸೊಲ್ಯೂಷನ್, ಫೆವಿಕ್ವಿಕ್ ಯಾವುದೂ ಬೇಡ. ನೀರಿನಲ್ಲಿ ಕಲಸುವಂಥದ್ದು ಮಾತ್ರ ಇರಲಿ: ಬಿಳಿ ಫೆವಿಕಾಲ್, ಅಕ್ರಿಲಿಕ್ ಬಣ್ಣ. ಡಬ್ಬಿಯ ಮೇಲೆ ಏನೇ ಬರೆದಿರಲಿ, ಮೊದಲು ಉಳಿದ ತುಂಡಿಗೆ ಹಚ್ಚಿ ಒಂದು ರಾತ್ರಿ ಬಿಟ್ಟು ನೋಡಿ.

ರವಿವಾರ ಪೇಠೆಯ ಬೋಹ್ರಿ ಆಳಿಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ‘ಪಾಲಿಶ್ ಪೇಪರ್’, ಅಂದರೆ ಉಜ್ಜಿ ನುಣುಪು ಮಾಡುವ ಮರಳು ಕಾಗದ, ಕೇಳಿ. 220 ಮತ್ತು 320 ನಂಬರಿನದು ಸಾಕು. ಅದನ್ನು ಮರದ ತುಂಡಿಗೆ ಸುತ್ತಿ, ಒತ್ತದೆ ಉಜ್ಜಿ. ಒತ್ತಿದರೆ ಕಾಳುಗಳು ಕಿತ್ತು ಬರುತ್ತವೆ. ಸಂದುಗಳಿಗೆ ಮಾತ್ರ ತೆಳುವಾಗಿ ಅಕ್ರಿಲಿಕ್ ವಾಲ್ ಪುಟ್ಟಿ ತುಂಬಿ. ರೆಕ್ಕೆಗೆಲ್ಲ ಬಳಿದರೆ ವಿಮಾನ ಏಳುವುದೇ ಇಲ್ಲ.

ಇನ್ನು ಕಾಗದ. ರೆಕ್ಕೆ 1 ಮೀಟರ್ ಉದ್ದ, 20 ಸೆಂಟಿಮೀಟರ್ ಅಗಲ ಇದ್ದರೆ ಮೇಲೂ ಕೆಳಗೂ ಸೇರಿ 0.4 ಚದರ ಮೀಟರ್ ಆಯಿತು. ಪ್ರಿಂಟರಿನ 75 ಜಿಎಸ್‌ಎಂ (ಚದರ ಮೀಟರಿಗೆ 75 ಗ್ರಾಂ) ಕಾಗದ ಹೊದಿಸಿದರೆ ಕಾಗದದ ತೂಕವೇ 30 ಗ್ರಾಂ. ದಿನಪತ್ರಿಕೆಯ ಕಾಗದ ಸುಮಾರು 45 ಜಿಎಸ್‌ಎಂ, 18 ಗ್ರಾಂನಲ್ಲಿ ಮುಗಿಯುತ್ತದೆ. ಪತಂಗದ ಕಾಗದ ಇನ್ನೂ ಹಗುರ, ಆದರೆ ಒದ್ದೆಯಾದಾಗ ಮಕ್ಕಳ ಕೈಯಲ್ಲಿ ಹರಿದುಹೋಗುತ್ತದೆ. ನನ್ನ ಮತ ದಿನಪತ್ರಿಕೆಗೇ.

ಫೆವಿಕಾಲಿಗೆ ಸಮಪಾಲು ನೀರು ಬೆರೆಸಿ, ಬ್ರಶ್‌ನಿಂದ ತೆಳುವಾಗಿ ಸವರಿ, ಕಾಗದ ಹಾಸಿ. ನಡುವಿನಿಂದ ಅಂಚಿನ ಕಡೆಗೆ ಹಳೆಯ ಎಟಿಎಂ ಕಾರ್ಡಿನಿಂದ ಮೆಲ್ಲಗೆ ಎಳೆದರೆ ಗುಳ್ಳೆಯೂ ಹೆಚ್ಚಿನ ಅಂಟೂ ಹೊರಬರುತ್ತವೆ. ಎರಡೂ ಬದಿಯನ್ನು ಒಂದೇ ಸಲಕ್ಕೆ ಮುಗಿಸಿ. ಒಣಗುವಾಗ ಕಾಗದ ಬಿಗಿಯುತ್ತದೆ. ಒಂದೇ ಬದಿಗಿದ್ದರೆ ರೆಕ್ಕೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಹಗ್ಗಕ್ಕೆ ತೂಗುಹಾಕಿ, ಆಗಾಗ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುತ್ತಿರಿ. ತಿರುಚಿದ್ದರೆ ಹಸಿಯಿರುವಾಗಲೇ ಸರಿಪಡಿಸಬಹುದು. ಮಳೆಗಾಲದಲ್ಲಿ ಫ್ಯಾನಿನ ಕೆಳಗೆ ಪೂರ್ತಿ ಒಂದು ದಿನ ಬೇಕೇ ಬೇಕು.

ಬಾಲಕ್ಕೆ ಕಾಗದ ಹಚ್ಚಬೇಡಿ. ಬಾಲ ದೂರದಲ್ಲಿರುವುದರಿಂದ ಅಲ್ಲಿ ಒಂದು ಗ್ರಾಂ ಏರಿದರೆ ತೂಕ ಸರಿದೂಗಿಸಲು ಮೂತಿಯಲ್ಲಿ ಎರಡು ಮೂರು ಗ್ರಾಂ ಸೇರಿಸಬೇಕಾಗುತ್ತದೆ. ಬಣ್ಣದ ಟೇಪಿನ ಒಂದೆರಡು ಪಟ್ಟಿ ಸಾಕು.

ಒಣಗಿದ ಮೇಲೂ ಬಿಳಿ ಫೆವಿಕಾಲ್ ನೀರಿಗೆ ಮೆತ್ತಗಾಗುತ್ತದೆ, ಹುಲ್ಲಿನ ಇಬ್ಬನಿಯೂ ಅದಕ್ಕೆ ತಗಲಬಾರದು. ಅಕ್ರಿಲಿಕ್ ಬಣ್ಣವನ್ನು ತೆಳುವಾಗಿ ಎರಡು ಸಲ ಹಚ್ಚಿ, ಮೇಲೆ ನೀರು ಬೆರೆಸುವ ವಾರ್ನಿಶ್ ಒಂದು ಸಲ ಸವರಿ. ಕಪ್ಪು ಬಣ್ಣ ಬೇಡ. ಬಿಸಿಲಲ್ಲಿ ನಿಂತ ಕಾರಿನೊಳಗೆ ಕಾದು ಥರ್ಮಾಕೋಲ್ ಉಬ್ಬುತ್ತದೆ. ಹಾಗೆಂದು ಬಣ್ಣವನ್ನೇ ಬಿಟ್ಟರೆ ಬಿಸಿಲಿಗೆ ಅದು ಹಳದಿಯಾಗಿ ಪುಡಿಯುದುರುತ್ತದೆ. ಮೇಲ್ಭಾಗ ಹಳದಿ, ಕೆಳಗೆ ಕಿತ್ತಳೆ ಬಳಿದು ಅಗಲ ಪಟ್ಟಿ ಎಳೆದರೆ, ದೂರ ಹೋದಾಗಲೂ ಯಾವ ಮಗ್ಗುಲಿಗೆ ವಾಲಿದೆ ಎಂದು ತಿಳಿಯುತ್ತದೆ.

ಹೆಚ್ಚು ಪೆಟ್ಟು ತಿನ್ನುವುದು ಹೊಟ್ಟೆ ಮತ್ತು ರೆಕ್ಕೆಯ ಮುಂಚೂಣಿ, ಅಂದರೆ ಮುಂದಿನ ಅಂಚು. ನಮ್ಮ ಮೈದಾನ ಬರೀ ಗರಸು. ಮುಂಚೂಣಿಗೆ ತೆಂಗಿನ ಕಡ್ಡಿಯೊಂದನ್ನು ಫೆವಿಕಾಲಿನಿಂದ ಕೂರಿಸಿ, ಮೇಲೆ ಪ್ಯಾಕಿಂಗ್ ಟೇಪ್ ಸುತ್ತಿ. ಹೊಟ್ಟೆಗೆ ನಾರೆಳೆ ಇರುವ ಫಿಲಮೆಂಟ್ ಟೇಪ್ ಒಳ್ಳೆಯದು. ಟೇಪನ್ನು ಎಳೆದು ಅಂಟಿಸಬೇಡಿ, ಅದು ಕುಗ್ಗಿದಾಗ ರೆಕ್ಕೆಯನ್ನೂ ಬಗ್ಗಿಸುತ್ತದೆ.

ಎಲ್ಲ ಮುಗಿದ ಮೇಲೆ ಬ್ಯಾಟರಿ ಹಾಕಿ, ಮುಂಚೂಣಿಯಿಂದ ರೆಕ್ಕೆಯ ಅಗಲದ ಕಾಲುಭಾಗದಷ್ಟು ಹಿಂದೆ, ಎರಡೂ ರೆಕ್ಕೆಗಳ ಕೆಳಗೆ ಒಂದೊಂದು ಬೆರಳಿಟ್ಟು ಎತ್ತಿ. ಮೂತಿ ತುಸು ಬಾಗಿ ನಿಂತರೆ ಹಾರಿಸಬಹುದು. ಬಾಲ ಇಳಿದರೆ ಬ್ಯಾಟರಿಯನ್ನು ಮುಂದಕ್ಕೆ ಸರಿಸಿ ಮತ್ತೆ ತೂಗಿ ನೋಡಿ.