ರಕ್ತದ ಸ್ಮಿಯರ್ ಕೆಡುವುದು ಒಂದೇ ಕ್ಷಣದಲ್ಲಿ

ರಕ್ತಕಣಗಳನ್ನು ಯಂತ್ರ ಎಣಿಸುತ್ತದೆ. ಸ್ಲೈಡಿನ ಚಿತ್ರ ತೆಗೆದು ಕಣಗಳನ್ನು ತಾನೇ ವಿಂಗಡಿಸುವ ಉಪಕರಣಗಳೂ ಬಂದಿವೆ. ಆದರೆ ಸ್ಮಿಯರ್, ಅಂದರೆ ಗಾಜಿನ ಸ್ಲೈಡಿನ ಮೇಲೆ ಹರಡಿದ ರಕ್ತದ ತೆಳು ಲೇಪ, ಕೆಟ್ಟಿದ್ದರೆ ಅವು ನೋಡುವುದೂ ಆ ಕೆಟ್ಟ ಸ್ಮಿಯರನ್ನೇ. ಕಲಿಯಲು ಬಂದವರು ಪೆಟ್ಟಿಗೆಗಟ್ಟಲೆ ಸ್ಲೈಡ್ ಹಾಳುಮಾಡುವುದನ್ನು ನೋಡಿದ್ದೇನೆ; ಎಡವುವುದು ಬಹುತೇಕ ಒಂದೇ ಜಾಗದಲ್ಲಿ.

ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಇರುವ ರಕ್ತದ ಕೊಳವೆಯನ್ನು ಎಂಟು–ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ. ಕುಲುಕಬೇಡಿ. ರಕ್ತ ತೆಗೆದ 2–3 ಗಂಟೆಯೊಳಗೆ ಕೆಲಸ ಮುಗಿಸಿ. ತಡವಾದರೆ ಬಿಳಿ ಕಣಗಳ ರೂಪ ಕೆಡುತ್ತದೆ. ಜಿಡ್ಡಿಲ್ಲದ ಸ್ಲೈಡಿನ ತುದಿಯಿಂದ 1 ಸೆಂ.ಮೀ. ಒಳಗೆ 2–3 ಮಿ.ಮೀ. ಅಗಲದ ಹನಿ ಸಾಕು. ದೊಡ್ಡ ಹನಿ ಹಾಕುವವರು ಲೇಪವನ್ನಲ್ಲ, ಗಂಜಿಯನ್ನು ಮಾಡುತ್ತಾರೆ.

ಇನ್ನು ಎಳೆಯುವ ಕೆಲಸ. ಎಡವುವ ಜಾಗ ಇದೇ. ಎಳೆಯುವ ಗಾಜು ಸ್ಲೈಡಿಗಿಂತ ತುಸು ಕಿರಿದಾಗಿರಲಿ, ಅಂಚು ನುಣುಪಾಗಿರಲಿ. ಚೂರು ಒಡೆದಿದ್ದರೂ ಉದ್ದಕ್ಕೂ ಗೆರೆ ಬೀಳುತ್ತದೆ. ಅದನ್ನು ಹನಿಯ ಮುಂದಿಟ್ಟು 30–45 ಡಿಗ್ರಿ ಓರೆ ಮಾಡಿ, ಹಿಂದಕ್ಕೆ ಸರಿಸಿ ಹನಿಗೆ ತಾಗಿಸಿ. ರಕ್ತ ಅಂಚಿನುದ್ದಕ್ಕೂ ಹರಿದ ಕೂಡಲೇ ಮುಂದಕ್ಕೆ ತಳ್ಳಿ, ನಡುವೆ ನಿಲ್ಲಿಸದೆ. ಒತ್ತಬೇಡಿ, ಗಾಜಿನ ತೂಕವೇ ಸಾಕು. ಕೈ ಹಿಂಜರಿದರೆ ದೊಡ್ಡ ಬಿಳಿ ಕಣಗಳು ಬಾಲಕ್ಕೂ (ಲೇಪದ ತೆಳು ತುದಿಗೂ) ಅಂಚುಗಳಿಗೂ ಸೇರಿಕೊಳ್ಳುತ್ತವೆ, ನಡುವೆ ಎಣಿಸಿದವರ ಲೆಕ್ಕ ತಪ್ಪುತ್ತದೆ. ರಕ್ತಹೀನತೆಯಿಂದ ರಕ್ತ ತೆಳುವಾಗಿದ್ದರೆ ಓರೆ ಹೆಚ್ಚಿಸಿ, ಬೇಗ ತಳ್ಳಿ; ಮಂದವಾಗಿದ್ದರೆ ಓರೆ ತಗ್ಗಿಸಿ, ನಿಧಾನಿಸಿ. ಲೇಪ ನಾಲಿಗೆಯಂತೆ ಕಂಡು, ಸ್ಲೈಡಿನ ಮುಕ್ಕಾಲು ಭಾಗಕ್ಕೆ ಮೊದಲೇ ತೆಳುವಾಗಿ ಮುಗಿಯಬೇಕು. ಸ್ಲೈಡಿನ ಕೊನೆಯವರೆಗೂ ಹೋದರೆ ಅದನ್ನು ಎಸೆದು ಇನ್ನೊಂದು ಮಾಡಿ. ಉಳಿಸಿಕೊಳ್ಳುವ ಆಸೆ ಬೇಡ.

ಗಾಳಿಯಲ್ಲಿ ಬೇಗ ಒಣಗಿಸಿ. ತೇವ ಉಳಿದರೆ, ಅಥವಾ ಕಣಗಳನ್ನು ಸ್ಥಿರಗೊಳಿಸುವ ಮೆಥನಾಲಿಗೆ ನೀರು ಸೇರಿದ್ದರೆ, ಕೆಂಪು ಕಣಗಳಲ್ಲಿ ಹೊಳೆಯುವ ತೂತುಗಳು ಕಾಣುತ್ತವೆ. ಅದನ್ನು ರೋಗವೆಂದು ಬರೆದವರೂ ಇದ್ದಾರೆ.

ಬಣ್ಣಕ್ಕೆ ನನ್ನ ಆಯ್ಕೆ 1901ರಿಂದ ಬಳಕೆಯಲ್ಲಿರುವ ಲೀಶ್ಮನ್. ಅದರಲ್ಲಿ ಮೆಥನಾಲ್ ಇರುವುದರಿಂದ ಕಣಗಳನ್ನು ಬೇರೆಯಾಗಿ ಸ್ಥಿರಗೊಳಿಸಬೇಕಿಲ್ಲ. ಲೇಪದ ಮೇಲೆ ಬಣ್ಣ ಹಾಕಿ 2 ನಿಮಿಷ ಬಿಟ್ಟು, ಅದರ ಎರಡರಷ್ಟು 6.8 ಪಿಎಚ್ ಬಫರ್ ನೀರು (ಆಮ್ಲೀಯತೆ ಬದಲಾಗದಂತೆ ಕಾಯುವ ದ್ರಾವಣ) ಸೇರಿಸಿ, 8–10 ನಿಮಿಷ ಕಾಯಿರಿ. ಬಫರ್ ಬದಲು ನಲ್ಲಿ ನೀರು ಹಾಕಿದರೆ ಬಣ್ಣ ದಿನಕ್ಕೊಂದು ಬಗೆ. ಅದ್ದಿ ತೆಗೆಯುವ ದಿಢೀರ್ ಬಣ್ಣಗಳು ನನಗೆ ಒಗ್ಗುವುದಿಲ್ಲ. ಬೇಸೋಫಿಲ್ ಎಂಬ ಬಿಳಿ ಕಣಗಳ ಒಳಗಿನ ಕಾಳುಗಳು ಅವುಗಳಲ್ಲಿ ಕೆಲವೊಮ್ಮೆ ಬಣ್ಣ ಹಿಡಿಯುವುದೇ ಇಲ್ಲ. ಕೊನೆಗೆ ಬಣ್ಣವನ್ನು ಬಗ್ಗಿಸಿ ಚೆಲ್ಲಬೇಡಿ, ಮೇಲಿನ ಕೆನೆ ಲೇಪಕ್ಕೆ ಅಂಟುತ್ತದೆ. ನೀರು ಹಾಯಿಸಿ ತೇಲಿಸಿ.

ಮೊದಲು 10 ಪಟ್ಟಿನ ಮಸೂರದಲ್ಲಿ ಬಾಲ ನೋಡಿ, ಆಮೇಲೆ ಕಣಗಳು ಒಂದನ್ನೊಂದು ತಾಕಿಯೂ ತಾಕದಂತಿರುವ ಜಾಗಕ್ಕೆ ಎಣ್ಣೆ ಹಾಕಿ, ಎಣ್ಣೆಯೊಂದಿಗೆ ಬಳಸುವ ಹೆಚ್ಚು ಪಟ್ಟಿನ ಮಸೂರದಲ್ಲಿ ನೋಡಿ. ಯಂತ್ರ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಪುಟ್ಟ ಕಣಗಳು) ಕಡಿಮೆ ಎಂದಿದ್ದು, ಬಾಲದಲ್ಲಿ ಅವುಗಳ ಗುಂಪುಗಳು ಕಂಡರೆ ತಪ್ಪು ಇಡಿಟಿಎಯದ್ದಿರಬಹುದು; ಕೆಲವರ ರಕ್ತದಲ್ಲಿ ಅದೇ ಅವುಗಳನ್ನು ಗುಂಪುಗೂಡಿಸುತ್ತದೆ. ಸಿಟ್ರೇಟ್ ಕೊಳವೆಯಲ್ಲಿ ಹೊಸದಾಗಿ ರಕ್ತ ತೆಗೆದು, ಸಿಟ್ರೇಟ್ ದ್ರವ ಬೆರೆತು ರಕ್ತ ತೆಳುವಾಗಿರುವುದರಿಂದ, ಬಂದ ಸಂಖ್ಯೆಯನ್ನು 1.1ರಿಂದ ಗುಣಿಸಿ.