ಅಜ್ಜಿಯ ಸೀರೆಗೆ ಕಟ್ಟು ಹಾಕಿಸುವ ಮುನ್ನ

ಪರಿಚಯದವರೊಬ್ಬರು ಅಜ್ಜಿಯ ಇಳಕಲ್ ಸೀರೆಯನ್ನು ಫೋಟೊಗೆ ಕಟ್ಟು ಹಾಕುವ ಅಂಗಡಿಗೆ ಕೊಟ್ಟಿದ್ದರು. ಸೆರಗಿನ ತುಂಬ ಕೈಕಸೂತಿ. ಅಂಗಡಿಯವರು ಸೆರಗು ಕತ್ತರಿಸಿ, ಪ್ಲೈವುಡ್‌ಗೆ ಅಂಟಿಸಿ, ಮೇಲೆ ಗಾಜು ಒತ್ತಿ ಕೊಟ್ಟರು. ಎರಡೇ ಮಳೆಗಾಲಕ್ಕೆ ಒಳಗೆ ಬೂಷ್ಟು. ಬಿಡಿಸಲು ಹೋದರೆ ರೇಷ್ಮೆ ಗಾಜಿಗೇ ಅಂಟಿಕೊಂಡು ಬಂತು. ಇಂಥದ್ದು ನಾನು ನೋಡಿದ್ದು ಇದೇ ಮೊದಲಲ್ಲ.

ಮೊದಲು ಜಾಗ ನೋಡಿ. ಮಳೆ ಹೊಡೆಯುವ ಹೊರಗೋಡೆ ಬೇಡ, ಕಿಟಕಿಯ ಎದುರು ಬೇಡ, ಊದುಬತ್ತಿಯ ಹೊಗೆ ಬರುವ ಕಡೆಯೂ ಬೇಡ.

ಆಮೇಲೆ ದೂಳು. ಸೀರೆಯ ಮೇಲೆ ಸೊಳ್ಳೆ ಪರದೆಯ ಬಟ್ಟೆ ಹಾಸಿ, ವ್ಯಾಕ್ಯೂಮ್ ಕ್ಲೀನರನ್ನು ತೀರಾ ಕಡಿಮೆಗಿಟ್ಟು ಎಳೆಯಿರಿ. ಒಗೆಯಬೇಡಿ. ಕಸೂತಿಯ ಹಳೆ ಕೆಂಪು ದಾರ ಬಣ್ಣ ಬಿಟ್ಟರೆ ಮುಗಿಯಿತು, ಅದಕ್ಕೆ ಮದ್ದಿಲ್ಲ. ಇಸ್ತ್ರಿಯೂ ಬೇಡ.

ಸೀರೆ ಕೂರಿಸುವ ಹಲಗೆಗೆ ಪ್ಲೈವುಡ್, ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಎರಡೂ ನನಗೆ ಆಗದು. ಅವು ಆಮ್ಲದ ಆವಿ ಬಿಡುತ್ತವೆ, ಬಟ್ಟೆ ಹಳದಿಯಾಗಿ ಪುಡಿಯಾಗುತ್ತದೆ. ಅಂಗಡಿ ಬೋರ್ಡಿಗೆ ಬಳಸುವ, ಎರಡು ಅಲ್ಯೂಮಿನಿಯಂ ತಗಡಿನ ನಡುವೆ ಪ್ಲಾಸ್ಟಿಕ್ ಇರುವ ಎಸಿಪಿ ಶೀಟ್ ಹಗುರ, ಸೊಟ್ಟಗಾಗುವುದಿಲ್ಲ. ಅದರ ಮೇಲೆ ಫ್ಲಾನೆಲ್, ಅದರ ಮೇಲೆ ಎರಡು ಮೂರು ಸಲ ಒಗೆದು ಗಂಜಿ ತೆಗೆದ ಕೋರಾ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಂದೆ ಹೊಲಿಯಿರಿ.

ಇನ್ನು ಹೊಲಿಗೆ. ಎಲ್ಲರೂ ಕೆಡಿಸುವುದು ಇಲ್ಲೇ. ಎರಡು ಬದಿಗೆ ಅಂಟುವ ಟೇಪ್, ಸ್ಟೇಪ್ಲರ್ ಪಿನ್ನು, 'ಬಟ್ಟೆಗೆಂದೇ ಮಾಡಿದ್ದು' ಎಂದು ಮಾರುವ ಸ್ಪ್ರೇ ಅಂಟು, ಯಾವುದನ್ನೂ ಹತ್ತಿರ ತರಬೇಡಿ.

ಹಲಗೆಯನ್ನು ಮೇಜಿನ ಮೇಲೆ ಮಲಗಿಸಿ ಸೆರಗು ಹಾಸಿ. ಸೆರಗಿನ ಎಳೆ ಕೆಳಗಿನ ಕೋರಾ ಬಟ್ಟೆಯ ಎಳೆಗೆ ನೇರ ಬರಬೇಕು. ಎಳೆದು ಬಿಗಿ ಮಾಡಬೇಡಿ, ಕೂದಲೆಳೆಯಷ್ಟು ಸಡಿಲ ಇರಲಿ. ಉಳಿದ ಸೀರೆಯನ್ನು ಕತ್ತರಿಸದೆ ಹಲಗೆಯ ಮೇಲಂಚು ದಾಟಿಸಿ ಹಿಂದಕ್ಕೆ ಕಳಿಸಿ. ಮಡಿಕೆ ಬೀಳುವಲ್ಲಿ ಬಟ್ಟೆಯ ಸುರುಳಿ ಇಟ್ಟು, ಹಿಂದೆ ಹೊಲಿದ ಚೀಲದಲ್ಲಿ ಕೂರಿಸಿ. ಇಲ್ಲದಿದ್ದರೆ ಅಷ್ಟೂ ಭಾರ ಒಡಲು ಮತ್ತು ಸೆರಗನ್ನು ಜೋಡಿಸಿದ ಕೊಂಡಿಯ ಮೇಲೆ ಬೀಳುತ್ತದೆ. ಹಳೆ ಇಳಕಲ್ ಸೀರೆ ಬಿಟ್ಟುಕೊಳ್ಳುವುದಾದರೆ ಅಲ್ಲೇ.

ಸೂಜಿ ಸಣ್ಣದಿರಲಿ, ಬಾಗಿದ್ದಿರಲಿ. ಎಸಿಪಿಯೊಳಗೆ ಸೂಜಿ ಇಳಿಯುವುದಿಲ್ಲ, ಕೋರಾ ಬಟ್ಟೆಯನ್ನಷ್ಟೇ ಹಿಡಿದು ಮೇಲೆ ಬರಬೇಕು, ಅದಕ್ಕೇ ಬಾಗು. ದಾರ ಸೀರೆಗಿಂತ ಬಲಹೀನ ಇರಬೇಕು. ಮುಂದೆ ಜಗ್ಗಾಟ ಬಂದರೆ ದಾರ ಹರಿಯಲಿ, ಸೀರೆಯಲ್ಲ. ಸೂಜಿ ಎರಡು ಎಳೆಗಳ ನಡುವೆ ನುಗ್ಗಬೇಕು, ಎಳೆಯನ್ನು ಚುಚ್ಚಬಾರದು. ಕಸೂತಿಯ ದಾರವನ್ನಂತೂ ಮುಟ್ಟಬೇಡಿ. ಮೇಲಂಚಿನ ನಡುವಿನಿಂದ ಶುರು ಮಾಡಿ ಎರಡೂ ಕಡೆ ಹೋಗಿ. ಮೇಲೆ ಕಾಣುವ ಹೊಲಿಗೆ ಎರಡು ಮಿಲಿಮೀಟರ್, ಕೆಳಗೆ ಒಂದೂವರೆ ಸೆಂಟಿಮೀಟರ್. ಆಮೇಲೆ ಸುಮಾರು 15 ಸೆಂಟಿಮೀಟರಿಗೊಂದು ಉದ್ದ ಸಾಲು. ಗಂಟು ಹಾಕಬೇಡಿ, ಒಂದೇ ಜಾಗದಲ್ಲಿ ಎರಡು ಸಣ್ಣ ಹೊಲಿಗೆ ಸಾಕು. ಕಸೂತಿಯ ಗವಂತಿ, ಮುರಗಿ ಹೊಲಿಗೆ ಹಾಕಿದ ಅಜ್ಜಿಯೂ ಗಂಟು ಹಾಕಿರಲಿಲ್ಲ ಅಲ್ವಾ! ತೂತಿದ್ದರೆ ಅಡಿಗೆ ಅದೇ ಬಣ್ಣದ ಬಟ್ಟೆ ಕೊಡಿ. ಒಂದು ಸೆರಗಿಗೆ ನನಗೆ ಮೂರು ಸಂಜೆ ಹಿಡಿಯಿತು. ಒಂದೇ ಸಂಜೆಗೆ ಮುಗಿದರೆ ಏನೋ ಬಿಟ್ಟಿದ್ದೀರಿ ಎಂದೇ ಅರ್ಥ.

ಗಾಜೋ ಅಕ್ರಿಲಿಕ್ಕೋ? ನಾಲ್ಕಡಿ, ಮೂರಡಿಯ 4 ಮಿಲಿಮೀಟರ್ ಗಾಜು ಸುಮಾರು 11 ಕೆಜಿ ತೂಗುತ್ತದೆ. ಅಕ್ರಿಲಿಕ್ ಅದರ ಅರ್ಧ, ಬಿದ್ದರೂ ಚೂರಾಗುವುದಿಲ್ಲ. ನನ್ನ ಓಟು ಅಕ್ರಿಲಿಕ್‌ಗೆ, ಅದೂ ಅತಿನೇರಳೆ ಕಿರಣ ತಡೆಯುವ ಹಾಳೆಗೆ. ಒಣಬಟ್ಟೆಯಲ್ಲಿ ಉಜ್ಜಬೇಡಿ. ಸ್ಥಿರ ವಿದ್ಯುತ್ ಹುಟ್ಟಿ ಬಿಡಿ ಎಳೆಗಳನ್ನು ಎಳೆದುಕೊಳ್ಳುತ್ತದೆ. ಎಳೆ ತುಂಬಾ ಬಿಟ್ಟಿದ್ದರೆ ಮಾತ್ರ ಗಾಜೇ ವಾಸಿ. ಅಮೋನಿಯಾ ಇರುವ ಗಾಜಿನ ಕ್ಲೀನರ್ ಅಕ್ರಿಲಿಕ್ಕನ್ನು ಮಬ್ಬಾಗಿಸುತ್ತದೆ. ಯಾವುದೇ ಇರಲಿ, ಸೀರೆಗೂ ಅದಕ್ಕೂ ನಡುವೆ ಕನಿಷ್ಠ ಒಂದು ಸೆಂಟಿಮೀಟರ್ ಜಾಗ ಬಿಡಿ. ಕಟ್ಟಿನ ಅಂಚಿನಡಿ ಅಕ್ರಿಲಿಕ್ ಪಟ್ಟಿ ಕೊಟ್ಟರಾಯಿತು. 'ಸುಮ್ನೆ ಕಟ್ಟು ದಪ್ಪ ಆಗುತ್ತೆ' ಎಂದು ಅಂಗಡಿಯವರು ಹೇಳುತ್ತಾರೆ, ಕೇಳಬೇಡಿ.

ತೂಗುಹಾಕುವಾಗ ಕಟ್ಟಿನ ಹಿಂದೆ ನಾಲ್ಕು ಮೂಲೆಗೆ ರಬ್ಬರ್ ಗುಂಡಿ ಅಂಟಿಸಿ. ಗೋಡೆಗೂ ಕಟ್ಟಿಗೂ ನಡುವೆ ಗಾಳಿ ಆಡಬೇಕು.

ಕಿರಣ ತಡೆಯುವ ಹಾಳೆ ಇದೆಯೆಂದು ಬೆಳಕಿನ ಬಗ್ಗೆ ಮೈಮರೆಯಬೇಡಿ, ಕಣ್ಣಿಗೆ ಕಾಣುವ ಬೆಳಕೂ ಬಣ್ಣ ತಿನ್ನುತ್ತದೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತು ಸಂಗ್ರಹಾಲಯದಲ್ಲಿ, ಗಾಜಿನ ಪೆಟ್ಟಿಗೆಯೊಳಗಿರುವ ಇರಾನಿನ ಹಳೆಯ ಅರ್ದಬಿಲ್ ಜಮಖಾನೆಗೆ ಅರ್ಧ ಗಂಟೆಗೊಮ್ಮೆ ಹತ್ತು ನಿಮಿಷ ಮಾತ್ರ ದೀಪ ಹಾಕುತ್ತಾರೆ. ನಮ್ಮನೆಯ ಕಟ್ಟಿಗೆ ಕಾಟನ್ ಪರದೆ ಇದೆ. ನೆಂಟರು ಬಂದಾಗ ಸರಿಸುತ್ತೇವೆ, ಕಾಫಿ ಮುಗಿದ ಮೇಲೆ ಮತ್ತೆ ಎಳೆದುಬಿಡುತ್ತೇವೆ.